ಸೋಪು ಸವರಿದ ಏಳು ಸ್ಕ್ರೂ

ಅಪ್ಪ ಮೂರನೇ ಸಲ ಮಂಚದಿಂದ ಬಿದ್ದಾಗ, ಸದ್ದು ಕೇಳಿ ಮಹಡಿಯಿಂದ ಇಳಿದು ಬಂದ ಅಣ್ಣ ಮೊದಲು ನೋಡಿದ್ದು ಮಂಚವನ್ನು. ಭಾನುವಾರ ಮಧ್ಯಾಹ್ನ, ಎರಡು ಗಂಟೆ ನಲವತ್ತು ನಿಮಿಷ. ಅಪ್ಪ ನೆಲದ ಮೇಲೆ ಕೂತು ಮೊಣಕೈ ಒತ್ತಿ ಹಿಡಿದಿದ್ದರು. ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ನಾನು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಮಂಡಿಯೂರಿದ್ದೆ. ಅಣ್ಣ ನಮ್ಮಿಬ್ಬರನ್ನೂ ದಾಟಿಹೋಗಿ, ಮಂಚದ ಅಂಚಿನಿಂದ ಕಿತ್ತುಬಂದು ಜೋತಾಡುತ್ತಿದ್ದ ಕಬ್ಬಿಣದ ಕಂಬಿಯನ್ನು ಅಲ್ಲಾಡಿಸಿದ.

"ಸ್ಕ್ರೂ ಬಿಚ್ಚಿದ್ದು ಯಾರು?"

"ಮೊದಲು ಅಪ್ಪನ್ನ ಎತ್ತು."

"ಎಂಟು ಸ್ಕ್ರೂ ಹಾಕಿದ್ದೆ. ಒಂದು ಉಳಿದಿದೆ. ಮಿಕ್ಕಿದ್ದು ತಾವಾಗೇ ಬಿಚ್ಕೊಂಡು ಸಂತೆಗೆ ಹೋದ್ವಾ?"

ಅವನ ಅನುಮಾನಕ್ಕೆ ಕಾರಣವಿತ್ತು. ಎರಡು ವಾರದ ಹಿಂದೆ, ಅಪ್ಪ ಬೀಳದಿರಲೆಂದು ಅವನು ಆ ಕಂಬಿ ಹಾಕುವಾಗ, "ಇದನ್ನ ಒಂದಿನ ನಾನೇ ಕಿತ್ತು ಬಿಸಾಕ್ತೀನಿ" ಎಂದು ಮನೆಯವರೆಲ್ಲರ ಎದುರಿಗೆ ಕೂಗಾಡಿದ್ದೆ. ಮಂಚದ ಎತ್ತರ ಇಪ್ಪತ್ತಾರು ಇಂಚು. ಅದರ ಮೇಲೆ ಕಂಬಿ ಹದಿನಾಲ್ಕು ಇಂಚು. ಮರೆವಿನ ಕಾಯಿಲೆಯವರು ಕಂಬಿ ಕಂಡರೆ ಸುಮ್ಮನೆ ಮಲಗುವುದಿಲ್ಲ, ಹತ್ತಿ ದಾಟಲು ನೋಡುತ್ತಾರೆ. ಆಗ ಅವರು ಬೀಳುವುದು ಇಪ್ಪತ್ತಾರರಿಂದಲ್ಲ, ನಲವತ್ತರಿಂದ. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದ್ದೆ. ಅಣ್ಣ ಆ ಕಾಗದವನ್ನು ಮಡಿಸಿ ಅಲ್ಲಾಡುವ ಮೇಜಿನ ಕಾಲಿನ ಕೆಳಗಿಟ್ಟಿದ್ದ.

"ನಾನು ಬಿಚ್ಚಿಲ್ಲ," ಎಂದೆ.

"ಹಾಗಾದ್ರೆ ಇಲಿ ಬಿಚ್ಚಿರಬೇಕು. ಓದಿದ ಇಲಿ."

ಅತ್ತಿಗೆ ಬಾಗಿಲಲ್ಲಿ ಬಂದು ನಿಂತಳು. "ನೀವಿಬ್ಬರೂ ಹೀಗೇ ಬೊಗಳ್ತಾ ಇರಿ. ಮಾವನ ಪಂಚೆ ಒದ್ದೆಯಾಗಿದೆ, ಕಣ್ಣು ಕಾಣಲ್ವಾ?"

ಆಗ ಅಣ್ಣ ಬಗ್ಗಿ ಅಪ್ಪನ ಕಂಕುಳಿಗೆ ಕೈಹಾಕಿದ. ಕುರ್ಚಿಯಲ್ಲಿ ಕೂರಿಸಿ, ನನ್ನ ಕಡೆ ತಿರುಗದೆಯೇ ಹೇಳಿದ: "ನಾಳೆ ಸಂಜೆ ಆ ವೃದ್ಧಾಶ್ರಮದವರಿಗೆ ಫೋನ್ ಮಾಡ್ತೀನಿ. ಅಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಮಲಗಿಸ್ತಾರೆ. ನಿನ್ನ ಲೆಕ್ಕ, ನಿನ್ನ ಇಂಚು ಯಾವುದೂ ಬೇಕಾಗಲ್ಲ."

ಆ ಪಟ್ಟಿಯನ್ನು ನಾವಿಬ್ಬರೂ ಅಲ್ಲಿಗೆ ಒಮ್ಮೆ ಹೋದಾಗ ನೋಡಿದ್ದೆವು. ಅಲ್ಲಿ ಮಲಗಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ, "ಸ್ವಲ್ಪ ಬಿಚ್ಚಿ, ಕೆಲಸಕ್ಕೆ ಹೊತ್ತಾಯ್ತು" ಎಂದಿದ್ದ. ಆ ದಿನ ಅಣ್ಣ ನನಗಿಂತ ಮುಂಚೆ ಹೊರಗೆ ನಡೆದಿದ್ದ.

ಅಣ್ಣ ಅತ್ತಿಗೆ ಮಹಡಿಗೆ ಹೋದ ಮೇಲೆ ಅಪ್ಪನ ಬಟ್ಟೆ ಬದಲಿಸಿದೆ. ಅಂಗಿಯ ಜೇಬು ಭಾರವಾಗಿತ್ತು. ಒಳಗೆ ಕರವಸ್ತ್ರದ ಗಂಟು. ಬಿಚ್ಚಿದರೆ ಏಳು ಸ್ಕ್ರೂ, ಜೊತೆಗೆ ಹಿಡಿ ಸೊಟ್ಟಗಾದ ಒಂದು ಚಮಚ. ಸ್ಕ್ರೂಗಳ ಸುರುಳಿಯಲ್ಲಿ ಬಿಳಿಯದೇನೋ ಮೆತ್ತಿಕೊಂಡಿತ್ತು. ನೀರಿನ ಪರೀಕ್ಷಾಲಯದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳಿಗೂ ಅದನ್ನು ಗುರುತಿಸಲು ಮೂಗೇ ಸಾಕಾಯಿತು. ಅಪ್ಪ ಸ್ನಾನ ಮಾಡುವ ಸೋಪು. ಸೋಪು ಇಷ್ಟು ಬೇಗ ಹೇಗೆ ಸವೆಯುತ್ತಿದೆ ಎಂದು ಅತ್ತಿಗೆ ವಾರದಿಂದ ಗೊಣಗುತ್ತಿದ್ದಳು.

ಅಪ್ಪ ನಲವತ್ತೆರಡು ವರ್ಷ ಬಡಗಿಯಾಗಿದ್ದವರು. ಗಟ್ಟಿ ಮರಕ್ಕೆ ಸ್ಕ್ರೂ ಹಾಕುವ ಮುಂಚೆ ಸೋಪು ಸವರುತ್ತಿದ್ದರು; ಸಲೀಸಾಗಿ ಇಳಿಯುತ್ತದೆ, ಮರ ಸೀಳುವುದಿಲ್ಲ. ಬಿಚ್ಚಿದ ಸ್ಕ್ರೂವನ್ನು ಯಾವತ್ತೂ ನೆಲಕ್ಕೆ ಹಾಕಿದವರಲ್ಲ. ಬಡಗಿಯನ್ನು ತಡೆಯಲು ನಾವು ಸ್ಕ್ರೂ ಹಾಕಿದ ಬೇಲಿ ಕಟ್ಟಿದ್ದೆವು. ಅವರು ಅದನ್ನು ಚಮಚದ ಹಿಡಿಯಿಂದ ಬಿಚ್ಚಿ, ಮತ್ತೆ ಸರಿಯಾಗಿ ಕೂರಿಸಲು ಸೋಪು ಸವರಿ ಸಿದ್ಧಮಾಡಿಟ್ಟುಕೊಂಡಿದ್ದರು.

ಗಂಟನ್ನು ಮೇಲೆ ಒಯ್ದು ಅಣ್ಣನ ಮುಂದೆ ಸುರಿದೆ. ಅವನು ಒಂದು ಸ್ಕ್ರೂ ಎತ್ತಿ ಮೂಸಿದ. ತಪ್ಪಾಯಿತು ಎನ್ನಲಿಲ್ಲ. ಅದು ನಮ್ಮ ವಂಶದಲ್ಲೇ ಇಲ್ಲ.

"ಸರಿ. ನಾಳೆ ಬೋಲ್ಟ್ ಹಾಕಿಸಿ ನಟ್ಟಿಗೆ ಬೆಸುಗೆ ಹೊಡಿಸ್ತೀನಿ."

"ಆಗ ಹತ್ತಿ ಹಾರ್ತಾರೆ."

"ಹಾಗಾದ್ರೆ ಪಟ್ಟಿನೇ ಗತಿ."

"ಮಂಚದ ಕಾಲು ಕೊಯ್ದು ಗಿಡ್ಡ ಮಾಡೋಣ. ಕೆಳಗೆ ಹಾಸಿಗೆ ಹಾಕಿದ್ರೆ ಬಿದ್ರೂ ಏಟಾಗಲ್ಲ."

ಅಣ್ಣ ಎದ್ದು ನಿಂತ. "ಆ ಮಂಚ ಮುಟ್ಟಿದ್ರೆ ಕೈ ಮುರೀತೀನಿ."

ಊರಿನ ಅರ್ಧ ಮನೆಗಳ ಬಾಗಿಲು ಅಪ್ಪನ ಕೈಯದು. ತನಗೆಂದು ಮಾಡಿಕೊಂಡದ್ದು ಆ ಮಂಚ ಒಂದೇ. ತೇಗದ್ದು, ಒಂದು ಮೊಳೆಯೂ ಇಲ್ಲದ್ದು. ಅಣ್ಣ ಪ್ರತಿ ತಿಂಗಳು ಅದಕ್ಕೆ ಎಣ್ಣೆ ಹಚ್ಚುತ್ತಿದ್ದ. ಅಪ್ಪನ ಉಗುರು ಕತ್ತರಿಸುತ್ತಿದ್ದವಳು ನಾನು.

"ಎಂಟು ತೂತು ಕೊರೆದಾಗ ಎಲ್ಲಿ ಹೋಗಿತ್ತು ಈ ಭಕ್ತಿ?"

"ತೂತು ಮುಚ್ಚಬಹುದು. ಕೊಯ್ದ ಕಾಲು ಅಂಟಿಸ್ತೀಯಾ?"

"ಅಪ್ಪನ ಸೊಂಟ ಮುರಿದ್ರೆ ಅಂಟಿಸ್ತೀಯಾ?"

ಕೆಳಗಿಳಿದು ಅಪ್ಪನ ಪೆಟ್ಟಿಗೆಯಿಂದ ಗರಗಸ ತೆಗೆದೆ. ಹಾಸಿಗೆ ಎಳೆದು ಹಾಕಿದೆ. ಅಷ್ಟರಲ್ಲಿ ಅಣ್ಣ ಬಂದು ಬರಿ ಮಂಚದ ಮೇಲೆ ಕಾಲು ಮಡಚಿ ಕೂತುಬಿಟ್ಟ, ಐವತ್ತೆರಡು ವರ್ಷದ ಗಂಡಸು.

"ಕೊಯ್ಯಿ. ನನ್ನನ್ನೂ ಸೇರಿಸಿ ಕೊಯ್ಯಿ."

ನಾನು ಕುಕ್ಕರಗಾಲಲ್ಲಿ ಕೂತು ಹತ್ತಿರದ ಕಾಲಿಗೆ ಗರಗಸ ಇಟ್ಟೇಬಿಟ್ಟೆ. ಎರಡು ಸಲ ಎಳೆದಿರಬಹುದು. ಹಲ್ಲು ಜಾರಿ ಮರದ ಮೇಲೆ ವಕ್ರವಾದ ಗೀರು ಬಿತ್ತು.

"ಏಯ್!"

ಕುರ್ಚಿಯಿಂದ ಅಪ್ಪ ಕೂಗಿದ್ದರು. ತಿಂಗಳುಗಳಿಂದ ಅಷ್ಟು ಗಟ್ಟಿಯಾದ ದನಿ ಕೇಳಿರಲಿಲ್ಲ. ಗೋಡೆ ಹಿಡಿದು ಬಂದು, ನನ್ನ ಕೈಮೇಲೆ ಫಟ್ಟನೆ ಹೊಡೆದು ಗರಗಸ ಕಿತ್ತುಕೊಂಡರು.

"ಗೆರೆ ಹಾಕದೆ ಗರಗಸ ಇಡ್ತೀಯಾ? ಯಾವ ಕತ್ತೆ ಕಲಿಸಿದ್ದು ನಿಂಗೆ? ಪೆನ್ಸಿಲ್ ಎಲ್ಲಿ?"

ಪೆನ್ಸಿಲ್ ತಂದುಕೊಟ್ಟೆ. ಗೆರೆ ನೇರವಾಗಿ ಎಳೆಯುವ ಮೂಲೆಮಟ್ಟವನ್ನು ಅವರೇ ಪೆಟ್ಟಿಗೆಯಿಂದ ತೆಗೆದರು, ಹುಡುಕಲಿಲ್ಲ.

"ಎಷ್ಟು ತೆಗೀಬೇಕು?"

"ಹದಿನೆಂಟು ಇಂಚು," ಎಂದೆ.

"ನೆಲದಿಂದ ಅಳೀಬೇಡ. ನೆಲ ಸುಳ್ಳು ಹೇಳುತ್ತೆ. ಮೇಲಿನ ಚೌಕಟ್ಟಿನಿಂದ ಕೆಳಕ್ಕೆ ಅಳೀಬೇಕು." ಆಮೇಲೆ ಮಂಚದ ಮೇಲಿದ್ದವನನ್ನು ನೋಡಿದರು. "ನೀನ್ಯಾಕಪ್ಪ ಮೇಲೆ ಕೂತಿದ್ದೀಯಾ ದೊರೆ ಹಾಗೆ? ಇಳಿ. ಮಗುಚಿ ಹಿಡ್ಕೋ."

ಅಣ್ಣ ಇಳಿಯಲಿಲ್ಲ. "ಅಪ್ಪ, ಇದು ನಿಮ್ಮ ಮಂಚ. ನೀವೇ ಮಾಡಿದ್ದು."

"ಯಾರ ಮಂಚ ಆದ್ರೆ ನಂಗೇನು? ಕೆಲಸ ಕೊಟ್ಟೋರು ಗಿಡ್ಡ ಬೇಕು ಅಂದ್ರೆ ಗಿಡ್ಡ. ಇಳಿಯೋ, ಮೊದ್ದು!"

ಅದು ಮಗನ ಗುರುತು ಹಿಡಿದು ಆಡಿದ ಮಾತಾಗಿರಲಿಲ್ಲ. ಅಪ್ಪನ ಕೈಕೆಳಗೆ ದುಡಿದವರೆಲ್ಲರೂ ಮೊದ್ದುಗಳೇ. ಅಣ್ಣನಿಗೂ ಅದು ಗೊತ್ತಿತ್ತು. ಆದರೂ ಇಳಿದ. ಮಂಚ ಮಗುಚಿ, ಎರಡೂ ಕೈಯಿಂದ ಒತ್ತಿ ಹಿಡಿದ. ಅಪ್ಪ ನಾಲ್ಕು ಕಾಲಿಗೂ ಸುತ್ತ ಗೆರೆ ಎಳೆದರು. ಅಷ್ಟಕ್ಕೇ ದಣಿದರು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ ಕುರ್ಚಿಗೆ ಹೋದರು. ಕೊಯ್ದವಳು ನಾನು. ಸಂಜೆಯಾಯಿತು. ಪ್ರತಿ ಕಾಲಿನ ತುಂಡು ಬಿದ್ದಾಗಲೂ ಅಣ್ಣ ಅದನ್ನೆತ್ತಿ ಪಕ್ಕಕ್ಕಿಟ್ಟುಕೊಂಡ. ಕೊನೆಗೆ ನಾಲ್ಕನ್ನೂ ಎದೆಗವಚಿಕೊಂಡು ಮೆಟ್ಟಿಲು ಹತ್ತಿದ.

"ನಾಳೆ ಏನಾದ್ರೂ ಏಟಾಯ್ತೋ, ಅದು ನೀನು ಹೊಡೆದ ಹಾಗೇ."

ಸೋಮವಾರ ನಾನು ರಜೆ ಹಾಕಿದೆ. ಮೂರು ಸಲವೂ ಅಪ್ಪ ಬಿದ್ದದ್ದು ಎರಡೂವರೆಯಿಂದ ಮೂರರ ಒಳಗೆ, ಬಡಗಿಯಾಗಿದ್ದಾಗ ಊಟದ ನಂತರದ ನಿದ್ದೆ ಮುಗಿಸಿ ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿನಲ್ಲಿ. ಈಗ ಮಂಚದ ಎತ್ತರ ಎಂಟು ಇಂಚು, ಕಂಬಿ ಇಲ್ಲ, ಪಕ್ಕದಲ್ಲಿ ಹಳೆಯ ಹಾಸಿಗೆ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ ಮೆತ್ತನೆಯ ಸದ್ದು ಕೇಳಿತು. ಗಂಟೆ ಎರಡು ಐವತ್ತೆರಡು.

ನಾನು ಓಡಿದೆ. ಅಣ್ಣ ನನಗಿಂತ ಮುಂಚೆ ಅಲ್ಲಿದ್ದ. ಅವನೂ ಕೆಲಸಕ್ಕೆ ಹೋಗಿರಲಿಲ್ಲ. ಕೈಯಲ್ಲಿ ಫೋನಿತ್ತು. ಅಪ್ಪ ಹಾಸಿಗೆಯ ಮೇಲೆ ಕೂತು ಮಂಚದ ಕಾಲನ್ನು ತಡವುತ್ತಿದ್ದರು. ಅಣ್ಣ ಅವರ ಮೊಣಕೈ ನೋಡಿದ, ಸೊಂಟ ಒತ್ತಿದ, ತಲೆಯ ಹಿಂಭಾಗ ಸವರಿದ. ಎಲ್ಲೂ ಏನೂ ಇರಲಿಲ್ಲ. ಫೋನನ್ನು ಜೇಬಿಗಿಳಿಸಿದ.

"ಥೂ," ಎಂದರು ಅಪ್ಪ, ಕೊಯ್ದ ಅಂಚಿಗೆ ಹೆಬ್ಬೆರಳು ಉಜ್ಜುತ್ತ. "ಇಷ್ಟು ಒಳ್ಳೆ ಮಂಚಾನ ಯಾರೋ ಹಾಳು ಮಾಡಿದ್ದಾರೆ."

"ಹೌದಪ್ಪ," ಎಂದ ಅಣ್ಣ, ನನ್ನತ್ತ ಬೆರಳು ತೋರಿಸಿ. "ಇವಳೇ."