ಲೀಟರಿಗೆ ಹನ್ನೆರಡು

೨೦೧೮ರ ಮೇ ತಿಂಗಳಲ್ಲಿ ವಿಜಯವಾಡದಲ್ಲಿ ಪೆಟ್ರೋಲು ಲೀಟರಿಗೆ ಎಂಬತ್ತು ರೂಪಾಯಿ ದಾಟಿತ್ತು. ಅನ್ನಪೂರ್ಣಮ್ಮನ ಬಿಳಿ ಸಣ್ಣ ಕಾರು ಹನ್ನೆರಡು ವರ್ಷ ಹಳೆಯದು. ಹಳೆಯದಾದರೂ ಲೀಟರಿಗೆ ಹದಿನೇಳು ಕಿಲೋಮೀಟರಿಗಿಂತ ಕಡಿಮೆ ಓಡಿದ್ದಿಲ್ಲ. ಈಗ ಹನ್ನೆರಡಕ್ಕೆ ಬಂದು ಕೂತಿತ್ತು. ವಿಶಾಖಪಟ್ಟಣಕ್ಕೆ ಹೋಗಿಬಂದರೆ ಏಳುನೂರು ಕಿಲೋಮೀಟರು. ಅಂದರೆ ಪ್ರತಿ ಸಲವೂ ಸಾವಿರದ ನಾನೂರು ರೂಪಾಯಿ ಎಲ್ಲೋ ಸೋರಿಹೋಗುತ್ತಿತ್ತು. ಒಂದು ಮಂಗಳಗಿರಿ ಸೀರೆಯಲ್ಲಿ ಆಕೆಗೆ ಉಳಿಯುತ್ತಿದ್ದದ್ದು ಇನ್ನೂರು. ಏಳು ಸೀರೆಗಳನ್ನು ಅಷ್ಟು ದೂರ ಹೊತ್ತು ಪುಕ್ಕಟೆ ಕೊಟ್ಟು ಬಂದ ಹಾಗೆ.

ಹೊಸಪೇಟೆಯ ಹೆಣ್ಣು, ಮದುವೆಯಾಗಿ ವಿಜಯವಾಡಕ್ಕೆ ಬಂದು ಮೂವತ್ತು ವರ್ಷ ಮೀರಿತ್ತು. ಗಂಡ ತೀರಿಕೊಂಡ ಮೇಲೆ ಸೀರೆ ವ್ಯಾಪಾರಕ್ಕೆ ಇಳಿದಳು. ಮಂಗಳಗಿರಿಯ ಮಗ್ಗದ ಮನೆಗಳಲ್ಲಿ ಕೊಳ್ಳುವುದು, ತಿಂಗಳಿಗೆ ಎರಡು ಸಲ ವಿಶಾಖಪಟ್ಟಣದ ಆಫೀಸರುಗಳ ಮನೆಗಳಿಗೆ ಒಯ್ದು ಮಾರುವುದು. ಕಾರು ಓಡಿಸುವವನು ಬಾಬ್ಜಿ, ಒಂಬತ್ತು ವರ್ಷದಿಂದ.

ಮೊದಲು ಗ್ಯಾರೇಜಿನವನು ಪ್ಲಗ್ಗು, ಏರ್ ಫಿಲ್ಟರು ಬದಲಿಸಿದ. ಗಾಳಿ ತುಂಬಿಸಿದ್ದಾಯಿತು. ಆಕೆಯೇ ಟ್ಯಾಂಕಿನ ಕೆಳಗೆ ಹಳೆಯ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡಿದಳು. ಒಂದು ಹನಿಯ ಕಲೆಯೂ ಇರಲಿಲ್ಲ.

ಅಳಿಯ ಉದಯ್ ಹಾಸನದ ಕಡೆಯವನು, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಇದೇ ಊರಿಗೆ ಬಂದಿದ್ದ. ಎರಡು ಸಲ ಟ್ಯಾಂಕು ಪೂರ್ತಿ ತುಂಬಿಸಿ ಲೆಕ್ಕ ಹಾಕಿದ. ಎರಡು ಸಲವೂ ಹನ್ನೆರಡೇ ಬಂತು.

"ಕುಡೀತಿರೋದು ಕಾರಲ್ಲ ಅತ್ತೆ, ಡ್ರೈವರ್ರು," ಅಂದ.

"ಬಟ್ಟಿ ಕಡಿಮಿ ಬಂತು ಅಂತ ನೇಕಾರನ್ನ ಬೈಯೋಕಿಂತ ಮುಂಚೆ ನಮ್ಮ ಗಜಕಡ್ಡಿ ಅಳತಿ ನೋಡ್ಕೋಬೇಕಪ್ಪ," ಅಂದಳು ಅನ್ನಪೂರ್ಣಮ್ಮ.

ಹೇಳಿದ್ದೇನೋ ಸರಿ. ಆದರೆ ಅನುಮಾನ ಅಂಬುದು ಹೆಪ್ಪಿನ ಹಾಗೆ, ಒಂದು ಚಮಚ ಬಿದ್ದರೆ ಸಾಕು. ಬಾಬ್ಜಿ ಪೆಟ್ರೋಲಿನ ಕ್ಯಾನು ಹಿಡಿದು ಹೋಗುವುದನ್ನು ಆಕೆ ಎಂದೂ ಕಂಡಿರಲಿಲ್ಲ. ಕಂಡಿಲ್ಲ ಅನ್ನುವುದೇ ಈಗ ಆತನ ಜಾಣತನದಂತೆ ತೋರಿತು. ಕೇಳಲು ಮುಜುಗರ. ಕೇಳುವ ಬದಲು ರಜೆ ಕೊಟ್ಟಳು. ಈ ಸಲ ವಿಶಾಖಪಟ್ಟಣಕ್ಕೆ ಅಳಿಯನೇ ಬರುತ್ತಾನೆ, ನೀನು ದಣಿವಾರಿಸಿಕೋ ಅಂದಳು. ಬಾಬ್ಜಿ ಆಕೆಯ ಮುಖವನ್ನೊಮ್ಮೆ ನೋಡಿ ಕಾರಿನ ಕೀಲಿಯನ್ನು ಟೀವಿಯ ಮೇಲಿಟ್ಟು ಹೋದ. ಒಂಬತ್ತು ವರ್ಷದಲ್ಲಿ ಆತ ಕೇಳದೆ ಸಿಕ್ಕ ಮೊದಲ ರಜೆ ಅದು.

ಏಲೂರು ದಾಟುತ್ತಲೇ ಉದಯ್ ಸ್ಟಿಯರಿಂಗು ಎಡಕ್ಕೆ ಎಳೆಯುತ್ತಿದೆ ಅಂದ. ಸಂಕ್ರಾಂತಿಯ ಹೊತ್ತಿಗೆ ಬಾಬ್ಜಿಯೂ ಇದನ್ನೇ ಹೇಳಿದ್ದು ಆಕೆಗೆ ನೆನಪಾಯಿತು. ಹೊಸ ಟೈರು ಹಾಕಿಸಲಿ ಅಂತ ಹೇಳುತ್ತಿದ್ದಾನೆ ಅಂದುಕೊಂಡು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ತುನಿಯಲ್ಲಿ ಪೆಟ್ರೋಲು ತುಂಬಿಸಿದರು. ಲೆಕ್ಕಕ್ಕೆ ಹದಿನಾಲ್ಕು ಬಂತು. ಪಕ್ಕದಲ್ಲೇ ಟೀ ಅಂಗಡಿ. ಕಾರಿಂದ ಇಳಿಯುವಾಗ ಸೀದ ವಾಸನೆ ಬಂತು. ಅನ್ನಪೂರ್ಣಮ್ಮ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು, ದೋಸೆ ಹೆಂಚು ಕಾದಿದೆಯೇ ಅಂತ ನೋಡುವವರ ಹಾಗೆ, ಒಂದೊಂದು ಚಕ್ರಕ್ಕೂ ಚಿಮುಕಿಸುತ್ತ ಬಂದಳು. ಮೂರು ಚಕ್ರಗಳಲ್ಲಿ ನೀರು ಸುಮ್ಮನೆ ಇಳಿಯಿತು. ಮುಂದಿನ ಎಡಚಕ್ರ ಚುರ್ ಅಂದಿತು.

ಹೆದ್ದಾರಿಯ ಶೆಡ್ಡಿನವನು ಚಕ್ರ ಬಿಚ್ಚಿ ತೋರಿಸಿದ. ಬ್ರೇಕು ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ದೂರ ಓಡಿ ಕಾದಾಗಷ್ಟೇ ಹೀಗಾಗುತ್ತಿದ್ದರಿಂದ ಊರಿನ ಗ್ಯಾರೇಜಿನವನಿಗೆ ಗೊತ್ತಾಗಿರಲಿಲ್ಲ. ಕಾಲಿಗೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ ಓಡುತ್ತಿತ್ತು ಕಾರು. ಬಿಡಿಭಾಗ ಹಾಕಿಸಿ ಮುಂದೆ ಹೋಗಿಬಂದರು. ವಾಪಸು ಬಂದು ಲೆಕ್ಕ ಹಾಕಿದರೆ ಹದಿನೇಳು.

ಅನ್ನಪೂರ್ಣಮ್ಮನಿಗೆ ಹಗುರಾಯಿತು. ಬಾಬ್ಜಿಗೆ ಫೋನು ಮಾಡಲು ಹೊರಟಳು. ಉದಯ್ ತಡೆದ. ಬ್ರೇಕು ಹಿಡಿದಿದ್ದಾಗಲೂ ತನ್ನ ಕೈಯಲ್ಲಿ ಹದಿನಾಲ್ಕು ಬಂದಿದೆ, ಬಾಬ್ಜಿಯ ಕೈಯಲ್ಲಿ ಹನ್ನೆರಡು. "ಬ್ರೇಕಿನ ಪಾಲು ಬ್ರೇಕಿಗೆ ಹೋಯ್ತು. ಮಿಕ್ಕ ಎರಡು ಕಿಲೋಮೀಟರಿಗೆ ಅವನೇ ಉತ್ತರ ಹೇಳ್ಬೇಕಲ್ಲ ಅತ್ತೆ?" ಅಂದ. ಹುಡುಗ ಕೆಟ್ಟವನಲ್ಲ, ಲೆಕ್ಕವೂ ತಪ್ಪಲ್ಲ. ಆಕೆ ಫೋನು ಮಾಡಿ, ತಿಂಗಳು ಮುಗಿಯಲಿ, ನಾನೇ ಹೇಳಿ ಕಳಿಸುತ್ತೇನೆ ಅಂದಳು. ಆಗಲಿ ಅಮ್ಮಾ ಅಂದ ಬಾಬ್ಜಿ, ಅಷ್ಟೇ.

ಮುಂದಿನ ವಾರ ಉದಯ್ ಜೊತೆ ಮಂಗಳಗಿರಿಗೆ ಹೋದಳು. ಸೀರೆ ಗಂಟುಗಳನ್ನು ಹಿಂದಿನ ಸೀಟಿಗೆ ಏರಿಸಿದ್ದಾಯಿತು. ಉದಯ್‌ಗೆ ಯಾವುದೋ ಫೋನು ಬಂತು. ಮಾತಾಡುತ್ತ ಬೇವಿನ ಮರದ ಕಡೆ ನಡೆದ. ಗಂಟು ಬಿಟ್ಟು ಹೋಗುವಂತಿಲ್ಲ ಅಂತ ಆಕೆ ಡ್ರೈವರ್ ಸೀಟಿನಲ್ಲೇ ಕೂತಳು. ಹತ್ತಿರದಲ್ಲೇ ಕಟ್ಟುತ್ತಿದ್ದ ಹೊಸ ರಾಜಧಾನಿಗೆ ಸಾಮಾನು ಸಾಗಿಸುವ ಲಾರಿಗಳು ಒಂದರ ಹಿಂದೆ ಒಂದು ಧೂಳೆಬ್ಬಿಸುತ್ತ ಹೋಗುತ್ತಿದ್ದವು. ಹೋದ ವರ್ಷ ಆ ಧೂಳಿಗೆ ಬಿಳಿ ಸೀರೆಗಳ ಒಂದು ಗಂಟೇ ಹಾಳಾಗಿತ್ತು. ಕಿಟಕಿ ಇಳಿಸಬಾರದು, ಕಾರು ಬಿಟ್ಟು ಕದಲಬಾರದು ಅಂತ ಬಾಬ್ಜಿಗೆ ಆಗಲೇ ಕಟ್ಟುನಿಟ್ಟು ಮಾಡಿದ್ದಳು. ಈಗ ತಾನೇ ಕಿಟಕಿ ಏರಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ರವಿಕೆ ಬೆನ್ನಿಗಂಟಿತು. ಸೆರಗಿನಿಂದ ಗಾಳಿ ಹಾಕಿಕೊಂಡಳು. ಕಣ್ಣು ಮಂಜಾಯಿತು. ಆಮೇಲೆ ಆಕೆಯ ಕೈ ಆಕೆಯನ್ನು ಕೇಳದೆ ಕೀಲಿ ತಿರುಗಿಸಿತು, ಏಸಿಯ ಗುಂಡಿ ಒತ್ತಿತು. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಮಿಕ್ಕ ಎರಡು ಕಿಲೋಮೀಟರು ಎಲ್ಲಿ ಹೋಯಿತೆಂದು ತಿಳಿಯಿತು. ವಿಶಾಖಪಟ್ಟಣದ ಒಂದೊಂದು ಮನೆಯಲ್ಲಿ ಸೀರೆ ಬಿಚ್ಚಿ, ಮಡಚಿ, ಕಾಫಿ ಕುಡಿದು ಆಕೆ ಬರುವ ತನಕ ಬಾಬ್ಜಿ ಮಿಕ್ಕ ಗಂಟುಗಳನ್ನು ಕಾಯುತ್ತ ಇದೇ ಸೀಟಿನಲ್ಲಿ ಹೀಗೇ ಎಂಜಿನ್ನು ಹಾಕಿಕೊಂಡು ಕೂತಿರುತ್ತಿದ್ದ. ಅಳಿಯನ ಜೊತೆ ಹೋದಾಗ ಗಂಟುಗಳನ್ನೂ ಅಳಿಯನನ್ನೂ ಒಳಗೇ ಕರೆದುಕೊಂಡು ಹೋಗಿದ್ದಳು. ಅಳಿಯನನ್ನು ಬಿಸಿಲಲ್ಲಿ ಕೂರಿಸುವುದುಂಟೇ?

ಸಂಜೆ ಒನ್ ಟೌನ್ ಬಡಾವಣೆಯ ಗುಡ್ಡದ ಮೆಟ್ಟಿಲು ಹತ್ತಿ ಬಾಬ್ಜಿಯ ಮನೆಗೆ ಹೋದಳು. ಆತ ಕುರ್ಚಿ ತಂದು ಹಾಕಿದ, ಹೆಂಡತಿ ನೀರು ಕೊಟ್ಟಳು. ಇವರಿಬ್ಬರ ಮಾತು ಯಾವಾಗಲೂ ತೆಲುಗಿನಲ್ಲೇ. ಬ್ರೇಕಿನ ಸುದ್ದಿ ಹೇಳಿದಳು. ಆಮೇಲೆ ಏಸಿಯ ಮಾತು ಎತ್ತಿದಳು.

"ಹಾಕಿದ್ದೆ ಅಮ್ಮಾ," ಅಂದ ಬಾಬ್ಜಿ. "ಕಿಟಕಿ ಇಳಿಸ್ಬೇಡ ಅಂದ್ರಿ, ಬಿಟ್ಟು ಹೋಗ್ಬೇಡ ಅಂದ್ರಿ. ಉಸಿರಾಡ್ಬೇಡ ಅಂತ ಮಾತ್ರ ಅನ್ನಲಿಲ್ಲ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ರಜೆ ಕೊಟ್ರಿ."

ನಾಳೆಯಿಂದಲೇ ಬಾ, ಸಂಬಳ ಸಾವಿರ ಹೆಚ್ಚು ಮಾಡುತ್ತೇನೆ ಅಂದಳು. ಬಾಬ್ಜಿ ಆಗಲೇ ಗವರ್ನರ್‌ಪೇಟೆಯ ಬಟ್ಟೆ ಸಗಟು ಅಂಗಡಿಯಲ್ಲಿ ಸಾಮಾನಿನ ಆಟೋ ಓಡಿಸಲು ಒಪ್ಪಿಕೊಂಡಿದ್ದ. ಅದಕ್ಕೆ ಬಾಗಿಲೇ ಇಲ್ಲ ಅಮ್ಮಾ, ಕಿಟಕಿಯ ಮಾತು ಬರುವುದಿಲ್ಲ ಅಂತ ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಸಬಹುದಿತ್ತು. ಮೆಟ್ಟಿಲು ಜಾರುತ್ತವೆ ಅಂತ ಕೆಳಗಿನವರೆಗೆ ಬಂದು ರಿಕ್ಷಾ ಹಿಡಿದುಕೊಟ್ಟ.

ಈಗ ಹೊಸ ಡ್ರೈವರಿದ್ದಾನೆ. ಸೀರೆ ಗಂಟು ಆಕೆಯ ಜೊತೆ ಮನೆಯೊಳಗೆ ಹೋಗುತ್ತದೆ, ಆತ ಕಾರಿಗೆ ಬೀಗ ಹಾಕಿ ನೆರಳಲ್ಲಿ ಕೂರುತ್ತಾನೆ. ಕಾರು ಲೀಟರಿಗೆ ಹದಿನೇಳು ಓಡುತ್ತಿದೆ. ತಿಂಗಳಿಗೆ ಎರಡು ಸಾವಿರದ ಎಂಟುನೂರು ರೂಪಾಯಿ ಉಳಿಯಿತು. ಬಾಬ್ಜಿ ಉಳಿಯಲಿಲ್ಲ.