ಸಪ್ಲೈಯರ್

"ಎಲ್ಲ ಹೇಳು. ಆ ಸಪ್ಲೈ ಅನ್ನುವ ಶಬ್ದ ಒಂದು ಬೇಡ," ಎಂದು ಲೀಲಾಧರ ಮಗಳ ಕಿವಿಯ ಹತ್ತಿರ ಬಗ್ಗಿ ಹೇಳಿದ.

ಮೈಕಿನ ವಯರಿನ ಗಂಟು ಬಿಡಿಸುತ್ತಿದ್ದ ಶ್ರದ್ಧಾ ತಲೆಯೆತ್ತಿದಳು. "ಪಪ್ಪಾ, ದಾದಾ ಸಪ್ಲೈ ಆಫೀಸರೇ ಇದ್ದ. ಮತ್ತೇನು, ಪೈಲಟ್ ಅಂತ ಹೇಳ್ಲಾ?"

"ದೇಶಸೇವೆ ಅನ್ನು. ಅದ್ರಲ್ಲಿ ಎಲ್ಲ ಬಂತಲ್ಲ ಮಾರಾಯ್ತಿ."

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ, ಲೀಲಾಧರನ ಹೋಟೆಲಿನ ಎದುರಿಗೇ ಇರುವ ಚೌಕಕ್ಕೆ ಆ ಬೆಳಿಗ್ಗೆ ಅವನ ಮಗ, ಶ್ರದ್ಧಾಳ ಅಣ್ಣ, ಕ್ಯಾಪ್ಟನ್ ಮನೀಶನ ಹೆಸರಿಡುವವರಿದ್ದರು. ಗಡಿಚೌಕಿಗೆ ರೇಶನ್ ಒಯ್ಯುವಾಗ ಗುಡ್ಡದ ಹಿಮ ಜಾರಿಬಿದ್ದು ಮನೀಶ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಅಳುವುದೆಲ್ಲ ಅತ್ತು ಮುಗಿದಿತ್ತು. ಇವತ್ತು ಲೀಲಾಧರನ ಹೆಂಡತಿ ನಳಿನಾಕ್ಷಿ ಮಗನ ಮದುವೆಗೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಟ್ಟು, ಬಂದವರನ್ನೆಲ್ಲ ಕೈಹಿಡಿದು ಕೂರಿಸುತ್ತಿದ್ದಳು.

ಲೀಲಾಧರನಿಗೆ ಮಾತ್ರ ಆ ಒಂದು ಶಬ್ದದ ಭಯ. ಹೋಟೆಲಿನವರ ಬಾಯಲ್ಲಿ ಸಪ್ಲೈಯರ್ ಎಂದರೆ ಟೇಬಲಿಗೆ ತಿಂಡಿ ತಂದಿಡುವವನು. ಮನೀಶನಿಗೆ ಸೈನ್ಯದ ಸಪ್ಲೈ ವಿಭಾಗ ಸಿಕ್ಕಿದಾಗ, ಪಕ್ಕದೂರು ಕಲ್ಯಾಣದಲ್ಲಿ ಹೋಟೆಲಿಟ್ಟಿದ್ದ ಪುಂಡರೀಕಾಕ್ಷ ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು ಕೇಳಿದ್ದ: "ಅಪ್ಪನ ಹೋಟೆಲಲ್ಲಿ ಸಪ್ಲೈ ಮಾಡ್ಲಿಕ್ಕೆ ನಾಚಿಕೆ ಆದವ ಮಿಲಿಟ್ರಿಗೆ ಹೋಗಿ ಸಪ್ಲೈಯರ್ ಆದ್ನಾ?" ಇಡೀ ಪಂಕ್ತಿ ನಕ್ಕಿತ್ತು. ಲೀಲಾಧರನೂ ನಕ್ಕಿದ್ದ. ಮಾತಿನ ಕೊನೆಯ ಭಾಗ ಅವನಿಗೆ ತಾಗಿರಲಿಲ್ಲ. ತಾಗಿದ್ದು ಮೊದಲ ಭಾಗ. ಅವನೇ ಊರು ಬಿಟ್ಟು ಬಂದು ಕಲ್ಯಾಣದ ಹೋಟೆಲೊಂದರಲ್ಲಿ ಸಪ್ಲೈಯರಾಗಿ ಬೆಳೆದವನು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆಯೇ ಹೋಟೆಲಿನಲ್ಲಿ ಸುತ್ತುತ್ತಿದ್ದ ಮನೀಶ ಕಾಲೇಜಿಗೆ ಹೋದಮೇಲೆ ಗಿರಾಕಿಗಳಿರುವ ಹೊತ್ತಿಗೆ ಹೋಟೆಲಿಗೆ ಕಾಲಿಡುತ್ತಿರಲಿಲ್ಲ. ಅಪ್ಪನೆಂದರೆ ಇವನಿಗೆ ನಾಚಿಕೆಯೇ ಎಂದು ಲೀಲಾಧರ ಕೇಳಬೇಕೆಂದಿದ್ದದ್ದು ಕೇಳದೆಯೇ ಉಳಿದುಹೋಗಿತ್ತು. ಈಗ ಪುಂಡರೀಕಾಕ್ಷ ಎರಡನೇ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ.

ಶ್ರದ್ಧಾ ಅಪ್ಪನ ಮಾತು ನಡೆಸಿದಳು. ಅವಳ ಭಾಷಣದಲ್ಲಿ ದೇಶಸೇವೆ ಬಂತು, ಕರ್ತವ್ಯ ಬಂತು, ಆ ಶಬ್ದ ಬರಲಿಲ್ಲ. ಲೀಲಾಧರ ಉಸಿರು ಬಿಟ್ಟ.

ಆಮೇಲೆ ಮೈಕು ಹಿಡಿದವರು ಸಾತಾರಾದಿಂದ ಬಂದಿದ್ದ, ಮನೀಶ ರೇಶನ್ ಒಯ್ಯುತ್ತಿದ್ದ ಗಡಿಚೌಕಿಯಲ್ಲಿದ್ದ ಸುಬೇದಾರ ಸಾಳುಂಖೆ. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಮರಾಠಿಯಲ್ಲಿ, ಮನೆಯ ಜಗಲಿಯಲ್ಲಿ ಕೂತವರ ಹಾಗೆ ಹೇಳಿದರು: ದಾರಿ ಮುಚ್ಚಿದಾಗ ಕ್ಯಾಪ್ಟನ್ ಸಾಹೇಬರು ಹಿಟ್ಟು, ಬೇಳೆಗಳ ಜೊತೆ ತಾವೇ ನಡೆದು ಮೇಲೆ ಬರುತ್ತಿದ್ದರಂತೆ. ಬಂದವರು ಕೂರುತ್ತಿರಲಿಲ್ಲವಂತೆ. ಕಾವಲಿನಿಂದ ಇಳಿದ ಜವಾನರನ್ನು ಕೂರಿಸಿ, ಒಂದೇ ತೋಳಿನ ಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು, ಒಂದು ಹನಿ ಚೆಲ್ಲದೆ ಬಡಿಸುತ್ತಿದ್ದರಂತೆ. ಇದನ್ನು ಯಾವ ಅಕಾಡೆಮಿಯಲ್ಲಿ ಕಲಿಸುತ್ತಾರೆ ಎಂದು ತಾನೊಮ್ಮೆ ಕೇಳಿದ್ದೆ ಎಂದರು ಸಾಳುಂಖೆ. "ಸಾಹೇಬರು ಹೇಳಿದ್ದು ಇಷ್ಟೇ: 'ಮಾಝೇ ವಡೀಲ ಸಪ್ಲಾಯರ್. ಮೀ ಪಣ ಸಪ್ಲಾಯರ್.'"

ನನ್ನಪ್ಪ ಸಪ್ಲೈಯರ್, ನಾನೂ ಸಪ್ಲೈಯರ್. ಲೀಲಾಧರ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡ, ಆಮೇಲೆ ಮನೆಮಾತಾದ ತುಳುವಿಗೆ. ಪಕ್ಕದಲ್ಲಿದ್ದ ನಳಿನಾಕ್ಷಿ ಅವನತ್ತ ನೋಡದೆ, ಅವನ ಅಂಗಿಯ ತುದಿಯನ್ನು ಮೆಲ್ಲಗೆ ಎಳೆದಳು. ಶ್ರದ್ಧಾ ಮೂಗೊರೆಸಿಕೊಳ್ಳುತ್ತಲೇ ನಗುತ್ತಿದ್ದಳು.

ಸಮಾರಂಭ ಮುಗಿದು ಎಲ್ಲರೂ ತಿಂಡಿಗೆ ಹೋಟೆಲಿಗೆ ಬಂದರು. ಗಲ್ಲಾದ ಹಿಂದಿನ ತನ್ನ ಕುರ್ಚಿಯತ್ತ ಹೊರಟಿದ್ದ ಲೀಲಾಧರನನ್ನು ಪುಂಡರೀಕಾಕ್ಷ ತಡೆದ. ಏನೋ ಹೇಳಲು ಒದ್ದಾಡಿ, ಕೊನೆಗೆ ತನಗೆ ಬರುವ ಮಾತನ್ನೇ ಆಡಿದ: "ಲೀಲಾಧರಣ್ಣ, ಆ ವಿದ್ಯೆ ಕೈಯಲ್ಲಿ ಈಗಲೂ ಉಂಟಾ? ಇಲ್ಲ, ಗಲ್ಲಾದಲ್ಲಿ ಕೂತು ಕೂತು ತುಕ್ಕು ಹಿಡೀತಾ?"

ಲೀಲಾಧರ ಹೊಸ ಬಿಳಿ ಅಂಗಿಯ ತೋಳು ಮಡಚುತ್ತಾ ಅಡುಗೆಮನೆಗೆ ಹೋದ.

ಹೊರಗೆ ಬಂದಾಗ ಅವನ ಎಡತೋಳಿನ ಮೇಲೆ, ಅಂಗೈಯಿಂದ ಮೊಣಕೈವರೆಗೆ, ಇಡ್ಲಿವಡೆಯ ತಟ್ಟೆಗಳು ಒಂದಕ್ಕೊಂದು ಒರಗಿ ಕೂತಿದ್ದವು. ಟೇಬಲುಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಸಾಳುಂಖೆಯವರು ಏಳಲು ಹೋದರು. ಲೀಲಾಧರ ಕಣ್ಣಿನಲ್ಲೇ ಕೂರಿಸಿದ. ಮೊದಲ ತಟ್ಟೆ ಅವರ ಮುಂದೆ ಇಳಿಯಿತು. ಎರಡನೆಯದನ್ನು ಪಕ್ಕದ ಟೇಬಲಿನಲ್ಲಿ ಕೂತ ಪುಂಡರೀಕಾಕ್ಷನ ಮುಂದೆ ಇಳಿಸುವಾಗ ಮೊಣಕೈ ಹತ್ತಿರದ ತಟ್ಟೆ ವಾಲಿ, ಸಾಂಬಾರು ಅಂಗಿಯ ಮೇಲೆ ಚೆಲ್ಲಿತು. ಬಿಳಿಯ ಮೇಲೆ ಹಳದಿ ಮೆಲ್ಲಗೆ ಅಗಲವಾಗುತ್ತಿತ್ತು. ಲೀಲಾಧರ ಅದನ್ನು ಒರೆಸಿಕೊಳ್ಳದೆ, ಪುಂಡರೀಕಾಕ್ಷನತ್ತ ತಿರುಗಿ, "ನಿಮಗೆ ಚಟ್ನಿ ಇನ್ನೂ ಸ್ವಲ್ಪ ತರ್ಲಾ?" ಎಂದು ಕೇಳಿದ.