ಎರಡನೆಯ ಎಸಳು

ಅಣ್ಣನ ಕೈ ಬಂಗಾರದ್ದು ಎಂದು ಆಸ್ಪತ್ರೆಗೆ ಆಸ್ಪತ್ರೆಯೇ ಕೊಂಡಾಡುತ್ತಿತ್ತು. ಕಿವಿ ಮಾತ್ರ ಕಲ್ಲಿನದು ಎಂಬುದು ತಂಗಿಗೆ ಚಿಕ್ಕಂದಿನಿಂದ ಗೊತ್ತು. ಇಬ್ಬರೂ ಹೃದಯದ ಡಾಕ್ಟರುಗಳೇ. ಆತ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಹೃದಯದೊಳಗೆ ಕೆಲಸ ಮಾಡುವವನು. ಆಕೆ ಹೃದಯದ ಒಳಗನ್ನು ತೋರಿಸುವ ಎಕೋ ಪರದೆಯ ಮುಂದೆ ನಿಂತು ದಾರಿ ಹೇಳುವವಳು. ಹೇಳುವುದು ಅವಳ ಕೆಲಸ, ಕೇಳದಿರುವುದು ಅವನ ಚಾಳಿ.

ಆ ದಿನ ಮೇಜಿನ ಮೇಲೆ ಅರಿವಳಿಕೆಯಲ್ಲಿ ಮಲಗಿದ್ದವರು ಈಜು ಮೇಷ್ಟ್ರು. ಊರಿನ ಅರ್ಧ ಮಕ್ಕಳಿಗೆ ಉಸಿರು ಹಿಡಿಯುವುದನ್ನು ಕಲಿಸಿದವರಿಗೆ ಈಗ ಬಚ್ಚಲಿಗೆ ಹೋಗಿಬರುವಷ್ಟು ಉಸಿರೂ ಉಳಿದಿರಲಿಲ್ಲ. ಹೃದಯದ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಎದೆ ತೆರೆದರೆ ತಾಳುವ ದೇಹವಲ್ಲ. ಕವಾಟದ ಎರಡು ಎಸಳುಗಳನ್ನು ಸೇರಿಸಿ ಕ್ಲಿಪ್ ಹಾಕುವುದೊಂದೇ ದಾರಿ. ಆದರೆ ನಳಿಕೆಯಿಂದ ಒಮ್ಮೆ ಬಿಟ್ಟ ಕ್ಲಿಪ್ಪನ್ನು ವಾಪಸ್ ತೆಗೆಯುವಂತಿಲ್ಲ.

ಮೊದಲ ಪ್ರಯತ್ನಕ್ಕೇ ಕ್ಲಿಪ್ ಕಚ್ಚಿತು. ಪರದೆಯ ಮೇಲೆ ಸೋರುವ ರಕ್ತವನ್ನು ತೋರಿಸುವ ಬಣ್ಣ ತಗ್ಗಿತು. ಕೋಣೆಯಲ್ಲಿದ್ದವರೆಲ್ಲ "ಸೂಪರ್ ಸಾರ್" ಎಂದರು.

"ಬಿಡ್ತೀನಿ," ಎಂದ ಅಣ್ಣ.

"ಬೇಡ ಕಣೋ. ಹಿಂಬದಿ ಎಸಳು ಸರಿಯಾಗಿ ಸಿಕ್ಕಿಲ್ಲ."

"ಸೋರೋದು ಕಮ್ಮಿಯಾಗಿದೆಯಲ್ಲೇ! ನಿಂದು ಯಾವಾಗ್ಲೂ ಅನುಮಾನ."

"ತುದಿ ಮಾತ್ರ ಒಳಗಿದೆ. ಮೇಷ್ಟ್ರು ಒಂದ್ಸಲ ಜೋರಾಗಿ ಕೆಮ್ಮಿದ್ರೆ ಜಾರುತ್ತೆ. ಆಮೇಲೆ ನಿಮ್ಮಪ್ಪ ಬಂದ್ರೂ ಏನೂ ಮಾಡಕ್ಕಾಗಲ್ಲ!"

ಆ ಅಪ್ಪ ತನಗೂ ಅಪ್ಪನೇ ಎಂಬುದು ಆಕೆಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಯಾರಿಗೂ ನಗುವ ಧೈರ್ಯವಾಗಲಿಲ್ಲ. ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಣ್ಣ ಬೈದರೆ ಬೈಯಲಿ, ಇವತ್ತು ಬಾಯಿ ಮುಚ್ಚಿಕೊಂಡಿದ್ದರೆ ಮೇಷ್ಟ್ರು ಕೈತಪ್ಪಿ ಹೋಗುತ್ತಾರೆ.

ಅಣ್ಣ ಉಸ್ಸಪ್ಪಾ ಎಂದು ಕ್ಲಿಪ್ಪನ್ನು ಮತ್ತೆ ತೆರೆದ.

"ಸರಿ ತಾಯಿ, ಹೇಳು."

"ಸ್ವಲ್ಪ ಕೆಳಗೆ. ಇನ್ನೊಂಚೂರು ತಿರುಗಿಸು. ಅಷ್ಟೇ, ಅವಸರ ಮಾಡ್ಬೇಡ... ಈಗ ಮೇಲಕ್ಕೆಳೆ. ಮುಚ್ಚು!"

ಎರಡು ಎಸಳೂ ಭದ್ರವಾಗಿ ಕ್ಲಿಪ್ಪಿನೊಳಗೆ ಕೂತವು. ಸೋರಿಕೆ ಹೇಳಹೆಸರಿಲ್ಲದಂತಾಯಿತು. ಆಕೆ ಆ ಕಡೆಯಿಂದ, ಈ ಕಡೆಯಿಂದ ಚಿತ್ರ ತಿರುಗಿಸಿ ನೋಡಿದಳು. ಅಣ್ಣ ಕಾದ.

"ಬಿಡಲೇನೇ?"

"ಬಿಡು!"

ಹೊರಗೆ ಮೇಷ್ಟ್ರ ಹೆಂಡತಿ ಓಡಿಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಕೈಗೆ ದೊಡ್ಡ ನಮಸ್ಕಾರ ಸ್ವಾಮಿ."

ಆತ ಮೆಲ್ಲಗೆ ಕೈ ಬಿಡಿಸಿಕೊಂಡು, ಹಿಂದೆ ನಿಂತಿದ್ದ ತಂಗಿಯನ್ನು ತೋಳು ಹಿಡಿದು ಮುಂದಕ್ಕೆಳೆದ.

"ಅಮ್ಮಾ, ನಾನು ಅರ್ಧಕ್ಕೇ ಮುಗೀತು ಅಂದ್ಕೊಂಡಿದ್ದೆ. ತಡೆದವಳು ಇವಳು. ನಮಸ್ಕಾರ ಇವಳಿಗೆ ಮಾಡಿ."

ತಂಗಿಗೆ ಆದ ಖುಷಿ ಅಷ್ಟಿಷ್ಟಲ್ಲ. ಇಡೀ ಆಸ್ಪತ್ರೆಗೆ ಕೇಳುವಂತೆ ನಕ್ಕುಬಿಟ್ಟಳು.